ಬಸಿಗಾಲುವೆ

ಸಂತೇಬೆನ್ನೂರು ನನ್ನ ಊರೆಂದು ಹೇಳಿದೊಡನೆ ಕೇಳಿದವರು “ಓಹೋ, ಪುಷ್ಕರಿಣಿ!” ಎನ್ನುತ್ತಾರೆ. 16ನೆಯ ಶತಮಾನದಲ್ಲಿ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಆ ಮೆಟ್ಟಿಲುಗಳ ಕೊಳವನ್ನು, ನಡುನೀರಿನಲ್ಲಿ ನಿಂತ ವಸಂತ ಮಂಟಪವನ್ನು, ದಡದ ಮುಸಾಫಿರಖಾನೆಯನ್ನು ಅವರು ಒಮ್ಮೆಯಾದರೂ ನೋಡಿರುತ್ತಾರೆ. ನೋಡಿರದಿದ್ದರೆ ಚಿತ್ರವನ್ನಾದರೂ ಕಂಡಿರುತ್ತಾರೆ. ಊರಿನವರಾದ ನಾವು ಅದನ್ನು ಪುಷ್ಕರಿಣಿ ಎನ್ನುವುದು ಪರಸ್ಥಳದವರು ಬಂದಾಗ ಮಾತ್ರ. ಮಿಕ್ಕ ದಿನಗಳಲ್ಲಿ ಅದು ಬರಿಯ ‘ಹೊಂಡ’.

ಈ ಪ್ರಶಂಸೆಯಲ್ಲಿ ನನಗೆ ಪಾಲು ಬೇಡವೆಂದಲ್ಲ. ಆದರೆ ಊರಿನ ಹೆಸರೆತ್ತಿದರೆ ನನ್ನ ಕಣ್ಣ ಮುಂದೆ ಬರುವ ಹೊಂಡ ಬೇರೊಂದು. ಅದಕ್ಕೆ ಮೆಟ್ಟಿಲಿಲ್ಲ, ಮಂಟಪವಿಲ್ಲ, ಪುರಾತತ್ತ್ವ ಇಲಾಖೆಯ ಫಲಕವೂ ಇಲ್ಲ. ಅದು ನಮ್ಮ ಅಡಿಕೆ ತೋಟದ ತಗ್ಗಿನ ಮೂಲೆ. ಮೂರು ವರ್ಷದ ಕೆಳಗಿನ ಮುಂಗಾರಿನಲ್ಲಿ ಅಲ್ಲಿ ನಿಂತ ನೀರು ಹದಿನೈದು ದಿನವಾದರೂ ಕದಲಲಿಲ್ಲ. ಕಪ್ಪೆಗಳಿಗೆ ಅದು ಕಾಯಂ ವಿಳಾಸವಾಯಿತು. ತೋಟ ನೋಡಿಕೊಳ್ಳುವ ನನ್ನ ಅಣ್ಣನಿಗೆ ನಿದ್ರೆ ಹೋಯಿತು.

ಅಡಿಕೆಗೆ ನೀರಿನ ದಾಹ ಬಹಳ ಎಂಬುದು ಎಲ್ಲರಿಗೂ ಗೊತ್ತು. ಬೇಸಗೆಯಲ್ಲಿ ಕೊಳವೆಬಾವಿ ಬತ್ತಿ, ಟ್ಯಾಂಕರಿನಲ್ಲಿ ನೀರು ತಂದು ಎರೆಯುವವರನ್ನು ಚನ್ನಗಿರಿ ಸೀಮೆಯಲ್ಲಿ ಕಂಡಿದ್ದೇನೆ. ಅದೇ ಗಿಡ ನಿಂತ ನೀರನ್ನು ಸಹಿಸದು. ಅದರ ಬೇರು ಹೆಚ್ಚಾಗಿ ಮೇಲುಮಣ್ಣಿನಲ್ಲಿಯೇ ಹರಡಿಕೊಂಡಿರುತ್ತದೆ; ಆ ಮಣ್ಣಿನ ಸಂದಿಗಳಲ್ಲಿ ಗಾಳಿಯ ಜಾಗವನ್ನು ನೀರು ಹಿಡಿದರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಮರ ಆ ಸುದ್ದಿಯನ್ನು ಕೂಡಲೇ ಹೇಳುವುದಿಲ್ಲ. ತಿಂಗಳುಗಳಾದ ಮೇಲೆ ಸೋಗೆ ಹಳದಿಯಾಗುತ್ತದೆ, ಸುಳಿ ಕುಗ್ಗುತ್ತದೆ. ‘ಹಿಡಿಮುಂಡಿಗೆ’ ಎನ್ನುವ ರೋಗ ನೀರು ಬಸಿಯದ ಗಟ್ಟಿ ನೆಲವನ್ನೇ ಹುಡುಕಿಕೊಂಡು ಬರುತ್ತದೆ. ಅಣಬೆ ರೋಗವೂ ಹಾಗೆಯೇ. ಅದು ಬಂದ ಮರದ ಸುತ್ತ ಎರಡಡಿ ಆಳ, ಒಂದಡಿ ಅಗಲದ ಕಂದಕ ತೋಡಿ, ಪಕ್ಕದ ಮರದ ಬೇರಿಗೆ ಅದು ದಾಟದಂತೆ ಮಾಡುತ್ತಾರೆ. ನಾಯಕರು ಕೋಟೆಗೆ ಕಂದಕ ತೋಡಿಸಿದರು. ಅಡಿಕೆ ಬೆಳೆಗಾರ ಒಂದೊಂದು ಮರಕ್ಕೆ ತೋಡಬೇಕು.

ಇದಕ್ಕೆಲ್ಲ ಮೊದಲ ಮದ್ದು ಬಸಿಗಾಲುವೆ. ಕನ್ನಡ ಪಾಠ ಹೇಳಿ ಸಂಬಳ ತೆಗೆದುಕೊಳ್ಳುವವನಾದ್ದರಿಂದ ಈ ಮಾತಿನ ಬಳಿ ಒಂದು ನಿಮಿಷ ನಿಲ್ಲುತ್ತೇನೆ, ಓದುಗರು ಕ್ಷಮಿಸಬೇಕು. ‘ಬಸಿ’ ಎಂಬ ಧಾತು ಹೊಲಕ್ಕಿಂತ ಅಡಿಗೆಮನೆಗೆ ಹೆಚ್ಚು ಹತ್ತಿರದ್ದು. ಅನ್ನ ಬೆಂದ ಮೇಲೆ ಪಾತ್ರೆಯ ಬಾಯಿಗೆ ತಟ್ಟೆ ಮುಚ್ಚಿ, ಬಗ್ಗಿಸಿ, ಗಂಜಿ ಬಸಿಯುತ್ತಾರೆ. ಬೆಂದ ಕಾಳು ಸೊಪ್ಪಿನಿಂದ ಬಸಿದ ಕಟ್ಟಿನ ಸಾರೇ ಬಸ್ಸಾರು. ಬಸಿಯುವುದೆಂದರೆ ಚೆಲ್ಲುವುದಲ್ಲ, ಬೇಕಾದ್ದನ್ನು ಉಳಿಸಿಕೊಂಡು ಹೆಚ್ಚಾದದ್ದನ್ನು ಮೆಲ್ಲಗೆ ಹೊರಗೆ ಬಿಡುವುದು. ತೋಟದ ಕಾಲುವೆಗೆ ಈ ಹೆಸರನ್ನಿಟ್ಟವರು ಗಂಜಿ ಬಸಿದ ಹೆಂಗಸರೇ ಇರಬೇಕೆಂದು ನನ್ನ ಗುಮಾನಿ.

ನಮ್ಮ ತೋಟಕ್ಕೂ ಬಸಿಗಾಲುವೆ ಇತ್ತು. ನಮ್ಮ ತಂದೆಯ ಕಾಲದಲ್ಲಿ ಅದನ್ನು ತೋಡಿದವರು ಬೋವಿ ಸಮಾಜದ ಹಿರಿಯರೊಬ್ಬರು; ನಮಗೆಲ್ಲ ಅವರು ‘ಅಜ್ಜ’. ಎರಡು ಸಾಲು ಅಡಿಕೆಗೊಂದರಂತೆ ಸಣ್ಣ ಕಾಲುವೆ, ಅವೆಲ್ಲ ಕೂಡುವ ದೊಡ್ಡ ಕಾಲುವೆ, ಅದು ಕೆಳಗಿನ ಚಿಕ್ಕಪ್ಪನ ತೋಟದ ಅಂಚಿನಲ್ಲಿ ಹಾದು ಹಳ್ಳ ಸೇರುತ್ತಿತ್ತು. ಅಜ್ಜನ ಬಳಿ ರಸಮಟ್ಟವಿರಲಿಲ್ಲ. ನೂರು ಅಡಿಗೆ ಅರ್ಧ ಅಡಿ ಇಳಿಜಾರು ಎಂದು ತಂದೆ ಹೇಳಿದರೆ, ಅವರು ಒಂದು ಕೊಡ ನೀರು ಸುರಿದು ಅದು ಹೋಗುವ ನಡಿಗೆಯನ್ನು ನೋಡುತ್ತಿದ್ದರು. “ಓಡಬಾರ್ದು, ನಿಲ್ಲಬಾರ್ದು, ನಡೀಬೇಕು” ಎನ್ನುತ್ತಿದ್ದರು. ಓಡಿದರೆ ಕಾಲುವೆಯ ತಳ ಕೊಚ್ಚಿಹೋಗುತ್ತದೆ, ನಿಂತರೆ ಹೂಳು ಕೂರುತ್ತದೆ.

ಅವರು ಕೆಲಸ ಹಿಡಿಯುತ್ತಿದ್ದುದು ಯಾವಾಗಲೂ ಕೆಳಗಿನ ತುದಿಯಿಂದ. ನೀರು ಹೊರಗೆ ಬೀಳುವ ಜಾಗವನ್ನು ಮೊದಲು ಬಿಡಿಸಿ, ಅಲ್ಲಿಂದ ಮೇಲಕ್ಕೆ ತೋಡಿಕೊಂಡು ಬರುವುದು. ಹೀಗೆ ಮಾಡಿದರೆ ಕೆಲಸ ಅರ್ಧಕ್ಕೆ ನಿಂತರೂ, ನಡುವೆ ಮಳೆ ಬಂದರೂ, ತೋಡಿದಷ್ಟು ಕಾಲುವೆಯಾಗಿಯೇ ಇರುತ್ತದೆ. ಮೇಲಿನಿಂದ ಹಿಡಿದರೆ ತುದಿ ಮುಟ್ಟುವವರೆಗೆ ಅದು ಕಾಲುವೆಯಲ್ಲ, ಗುಂಡಿ.

ಸಂಜೆ ಕೆಲಸ ಬಿಟ್ಟ ಮೇಲೆ ಅಜ್ಜ ಇನ್ನೂ ಅರ್ಧ ಗಂಟೆ ಕುಳಿತಿರುತ್ತಿದ್ದರು. ಗುದ್ದಲಿ, ಪಿಕಾಸಿ, ಹಾರೆ, ಸನಿಕೆಗಳನ್ನು ತೊಳೆದು, ಮೆತ್ತಿದ ಜೇಡಿಯನ್ನು ಕಡ್ಡಿಯಿಂದ ಕೆರೆದು, ಒರೆಸಿ, ಗುದ್ದಲಿಯ ಕಾವು ಸಡಿಲವಾಗಿದೆಯೇ ಎಂದು ನೆಲಕ್ಕೆ ಕುಟ್ಟಿ ನೋಡುವುದು. ಸಡಿಲವಾಗಿದ್ದರೆ ಬೆಣೆ ಹೊಡೆದು ರಾತ್ರಿ ನೀರಿನಲ್ಲಿ ನೆನೆಹಾಕುವುದು. ಬಾಯಿ ಮೊಂಡಾದ ಪಿಕಾಸಿ ಸಂತೆಯ ದಿನ ಕುಲುಮೆಗೆ. ಕಮ್ಮಾರ ಕಾಸಿ ಬಡಿದು ನೀರಿಗದ್ದಿದಾಗ ‘ಚುಂಯ್’ ಎನ್ನುತ್ತಿದ್ದ ಸದ್ದನ್ನು ಕೇಳುವುದಕ್ಕೆಂದೇ ನಾನೂ ಜೊತೆಗೆ ಹೋಗುತ್ತಿದ್ದೆ.

ಬೋವಿ ಸಮಾಜದವರಿಗೆ ಸೊನ್ನಲಿಗೆಯ ಸಿದ್ಧರಾಮ ಮನೆಯ ದೇವರಿದ್ದಂತೆ. 12ನೆಯ ಶತಮಾನದಲ್ಲಿ ಕೆರೆ ತೋಡಿಸಿದ ಶರಣ ಅವನು. ‘ಶೂನ್ಯ ಸಂಪಾದನೆ’ಯಲ್ಲಿ ಅಲ್ಲಮಪ್ರಭು ಅಲ್ಲಿಗೆ ಬಂದು ‘ಒಡ್ಡರಾಮ’ ಎಂದು ಅವನನ್ನು ಮೂದಲಿಸುತ್ತಾನೆ; ಕೆಲಸ ಮಾಡುತ್ತಿದ್ದವರು ರೇಗಿ ಪ್ರಭುವಿನ ಮೇಲೆ ಕಲ್ಲೆಸೆಯುತ್ತಾರೆ. ತರಗತಿಯಲ್ಲಿ ಈ ಪ್ರಸಂಗವನ್ನು ಅಲ್ಲಮನ ಕಡೆಯಿಂದ ವಿವರಿಸುವುದು ನಮ್ಮ ವಾಡಿಕೆ. ಕೆರೆ ತೋಡುವುದು ಕರ್ಮ, ತನ್ನನ್ನು ತಾನು ತಿಳಿಯುವುದು ಅದಕ್ಕಿಂತ ದೊಡ್ಡದು ಎಂದು. ಪರೀಕ್ಷೆಗೆ ಅದೇ ಸರಿ. ಆದರೆ ಆ ಕಲ್ಲೆಸೆದವರ ಮೇಲೆ ನನಗೆ ಒಳಗೊಳಗೆ ಬಹಳ ಅಭಿಮಾನ. ಬಿಸಿಲಿನಲ್ಲಿ ಮಣ್ಣು ಹೊರುತ್ತಿದ್ದವರ ಮುಂದೆ ನಿಂತು ಅವರ ಯಜಮಾನನನ್ನು ಹಾಗೆನ್ನಬಹುದೆ?

ಇಂಥ ಕಾಲುವೆ ಮುಚ್ಚಿಹೋದದ್ದು ಹೇಗೆ? ಒಂದು ದಿನದಲ್ಲಲ್ಲ. ಅಜ್ಜನಿಗೆ ವಯಸ್ಸಾಯಿತು. ಅವರ ಮಕ್ಕಳು ಊರು ಬಿಟ್ಟು ಬೇರೆ ಕೆಲಸ ಹಿಡಿದರು. ವರ್ಷಕ್ಕೊಮ್ಮೆ ಹೂಳೆತ್ತುವುದು ಎರಡು ವರ್ಷಕ್ಕೊಮ್ಮೆಯಾಗಿ, ಆಮೇಲೆ ನಿಂತೇಹೋಯಿತು. ನಮ್ಮಲ್ಲಿ ಹೊಸ ಕೆಲಸಕ್ಕೆ ಗುದ್ದಲಿ ಪೂಜೆಯುಂಟು. ಹೊಸ ಗುದ್ದಲಿ, ಅರಿಶಿನ ಕುಂಕುಮ, ಹಾರ, ಭಾಷಣ, ಫೋಟೋ. ಹೂಳೆತ್ತುವುದಕ್ಕೆ ಯಾವ ಪೂಜೆಯೂ ಇಲ್ಲ. ಮೊಹೆಂಜೊದಾರೊ ಪಟ್ಟಣ ಕಟ್ಟಿದವರು ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಚರಂಡಿಗಳಿಗೆ ಇಟ್ಟಿಗೆ, ಚಪ್ಪಡಿ ಮುಚ್ಚಿದರು; ಬೇಕಾದಾಗ ಎತ್ತಿ ಶುಚಿಮಾಡುವಂತೆ ಮುಚ್ಚಿದರು. ಅವರ ಬರಹವನ್ನು ನಾವು ಇನ್ನೂ ಓದಲಾರೆವು. ಆ ಚಪ್ಪಡಿಯನ್ನು ಮಾತ್ರ ಓದಬಹುದು.

ನಮ್ಮ ಕಡೆ ಹೀಗೆ ತಾತ್ಸಾರವಾಗಿದ್ದಾಗ ಕೆಳಗೆ ಚಿಕ್ಕಪ್ಪ, ನೀರೇ ಬಾರದ ಕಾಲುವೆಗೇಕೆ ಜಾಗವೆಂದು ಅದಕ್ಕೆ ಮಣ್ಣು ತುಂಬಿಸಿ ಹೊಸ ಗಿಡ ನೆಡಿಸಿದರು. ಅಣ್ಣ ಕೇಳಿದ. ಅವರು ರೇಗಿದರು. ಆಡಬಾರದ ಮಾತುಗಳು ಬಂದವು. ಮದುವೆ ಮುಂಜಿಗಳಲ್ಲಿ ಎದುರಾದರೂ ಮುಖ ತಿರುಗಿಸುವಂತಾಯಿತು. ಒಂದೂವರೆ ಅಡಿ ಅಗಲದ ಕಾಲುವೆ ಮುಚ್ಚಿದ್ದಕ್ಕೆ ಎರಡು ಮನೆಗಳ ನಡುವೆ ಅದಕ್ಕಿಂತ ಆಳವಾದ ಕಾಲುವೆ ಬಿತ್ತು. ಮಳೆಗೆ ಇದು ಯಾವುದೂ ಗೊತ್ತಿರಲಿಲ್ಲ.

ನೀರು ನಿಂತ ಆ ವರ್ಷ ಅಣ್ಣ ತನ್ನ ಮೇರೆಯವರೆಗಾದರೂ ಕಾಲುವೆ ತೆಗೆಸುತ್ತೇನೆಂದು ಜೆಸಿಬಿ ಕರೆಸಿದ. ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬ ಇಂಗ್ಲಿಷಿನವ 1945ರಲ್ಲಿ ಒಂದು ಗ್ಯಾರೇಜಿನಲ್ಲಿ ಶುರುಮಾಡಿದ ಕಂಪನಿ ಅದು. ಅವನ ಹೆಸರಿನ ಮೊದಲಕ್ಷರಗಳೇ ಇಂದು ನಮ್ಮ ಹಳ್ಳಿಯ ಮಾತಿನಲ್ಲಿ ಮಣ್ಣೆತ್ತುವ ಹಳದಿ ಯಂತ್ರಕ್ಕೆಲ್ಲ ಹೆಸರು. ಸರಪಳಿ ಚಕ್ರದ ದೊಡ್ಡ ಯಂತ್ರವಾದರೆ, ಯಾರು ಮಾಡಿದ್ದರೂ ಅದು ‘ಹಿಟಾಚಿ’. ಅಂಕಿತನಾಮ ರೂಢನಾಮವಾಗುವುದಕ್ಕೆ ವ್ಯಾಕರಣ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕೀತೆ? ಮುಂದೆ ಮೊರ, ಹಿಂದೆ ಸೌಟು ಕಟ್ಟಿಕೊಂಡ ಈ ಪ್ರಾಣಿ ಅಜ್ಜನ ಒಂದು ದಿನದ ಕೆಲಸವನ್ನು ಕಾಲು ಗಂಟೆಯಲ್ಲಿ ಮುಗಿಸುತ್ತದೆ. ಇದು ದೂರಲ್ಲ. ಮನುಷ್ಯರ ಬೆನ್ನು ಉಳಿಸಿದ ಯಂತ್ರವನ್ನು ಹೀಗಳೆಯಲು ನನಗೆ ಮನಸ್ಸಿಲ್ಲ.

ಚಾಲಕ ನಮ್ಮ ಕಾಲೇಜಿನಲ್ಲಿ ಓದಿದ ಹುಡುಗ. ಬೆಳಿಗ್ಗೆ ಬಂದವನೇ ಕೆಲಸಕ್ಕೆ ಮೊದಲು ಗ್ರೀಸ್ ಗನ್ ಹಿಡಿದು ಯಂತ್ರದ ತೋಳಿನ ಕೀಲುಗಳ ಸುತ್ತ ಓಡಾಡಿದ. ಕೀಲಿನಲ್ಲೊಂದು ಉಕ್ಕಿನ ಪಿನ್ನು, ಅದರ ಸುತ್ತ ಬುಷ್ಷು. ನಡುವೆ ಗ್ರೀಸ್ ಇಲ್ಲದಿದ್ದರೆ ಎರಡೂ ಸವೆದು ತೋಳು ಅಲುಗಾಡುತ್ತದೆ. ಹಳೆಯ ಕಪ್ಪು ಗ್ರೀಸ್ ಹೊರಗೆ ಉಕ್ಕಿ ಬರುವವರೆಗೆ ಒತ್ತಬೇಕಂತೆ. ಕೆಸರಿನ ಕೆಲಸವಾದರೆ ಸಂಜೆ ತೊಳೆಯಲೇಬೇಕು, ಒಣಗಿದ ಮಣ್ಣು ಕೀಲಿನೊಳಗೆ ಉಪ್ಪುಕಾಗದದಂತೆ ಉಜ್ಜುತ್ತದೆ. “ಆಯುಧ ಪೂಜೆಗೆ ಕುಂಬಳಕಾಯಿ ಒಡೀತಾರೆ ಸಾರ್, ಓನರ‍್ರು. ಹೋಸ್ ಬದಲಿಸ್ರಿ ಅಂದ್ರೆ ಮುಂದಿನ ತಿಂಗಳು ಅಂತಾರೆ” ಎಂದ. ಎಣ್ಣೆಯ ಒತ್ತಡ ಸಾಗಿಸುವ ರಬ್ಬರು ಕೊಳವೆಯೊಂದು ಸಿಪ್ಪೆ ಸುಲಿದು, ಒಳಗಿನ ತಂತಿ ತುಕ್ಕು ಹಿಡಿದಿದ್ದನ್ನು ನನಗೆ ಬೆರಳಿಟ್ಟು ತೋರಿಸಿದ. ಅವನು ಬಾಡಿಗೆಯ ಚಾಲಕ, ಯಂತ್ರ ಬೇರೆಯವರದು, ಗಂಟೆಗಳ ಲೆಕ್ಕ ಮೀಟರಿನದು.

ರಸ್ತೆ ಇದ್ದುದು ತೋಟದ ಮೇಲು ತುದಿಯಲ್ಲಿ; ಯಂತ್ರ ಇಳಿದದ್ದೂ ಅಲ್ಲಿಯೇ. ಕೆಳಗಿನ ತುದಿಗೆ ಹೋಗಲು ಚಿಕ್ಕಪ್ಪನ ದಾರಿಯಲ್ಲಿ ಹಾಯಬೇಕು, ಅದನ್ನು ಕೇಳುವ ಮುಖ ಯಾರಿಗೂ ಇರಲಿಲ್ಲ. ಆದ್ದರಿಂದ ಮೇಲಿನಿಂದಲೇ ತೋಡಿದರು. ಮಧ್ಯಾಹ್ನ ಮೂರಕ್ಕೆ, ಮೇರೆ ಇನ್ನು ಹತ್ತು ಮಾರು ಇದೆ ಎನ್ನುವಾಗ ಆ ಕೊಳವೆ ಸಿಡಿಯಿತು. ಬಿಸಿ ಎಣ್ಣೆ ಕಾರಂಜಿಯಂತೆ ಹಾರಿ, ಎತ್ತಿದ್ದ ತೋಳು ಸತ್ತ ಹಾವಿನಂತೆ ಕೆಳಗೆ ಕೂತಿತು. ಪುಣ್ಯಕ್ಕೆ ಯಾರೂ ಅಡಿಯಲ್ಲಿರಲಿಲ್ಲ. ಹೊಸ ಕೊಳವೆ ದಾವಣಗೆರೆಯಿಂದ ಬರಬೇಕು, ನಾಳೆಯೋ ನಾಡಿದ್ದೋ. ಬಡಗಣ ದಿಕ್ಕಿನಲ್ಲಿ ಮೋಡ ಕಟ್ಟಿತ್ತು. ತೋಟದ ನೀರೆಲ್ಲ ಹೊಸ ಕಾಲುವೆಯಲ್ಲಿ ಇಳಿದು ಬಂದು, ಬಾಯಿಲ್ಲದ ಆ ತುದಿಯಲ್ಲಿ ಎದೆಯುದ್ದ ತುಂಬತೊಡಗಿತು. ಮೊದಲು ಮೂಲೆಯಲ್ಲಿ ಹರಡಿದ್ದದ್ದು ಈಗ ನಲವತ್ತು ಫಲದ ಮರಗಳ ಬುಡಕ್ಕೇ ಬಂದು ನಿಂತಿತು.

ಅಣ್ಣ ಅಜ್ಜನನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ. ಎಂಬತ್ತರ ಅಂಚಿನ ಮುದುಕ ಕೋಲೂರಿ ಕಾಲುವೆ ನೋಡಿದರು, ಯಾರನ್ನೂ ಬೈಯಲಿಲ್ಲ. ಗಾರೆಯವನ ಮನೆಯಿಂದ ಮಟ್ಟ ನೋಡುವ ನೀರಿನ ಪೈಪು ತರಿಸಿದರು. ಅದರ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದು ನೆಟ್ಟಗೆ ಬೇಲಿ ದಾಟಿ ಚಿಕ್ಕಪ್ಪನ ತೋಟದೊಳಗೆ ಹೊರಟರು. ಅವರನ್ನು ತಡೆಯುವ ಧೈರ್ಯ ಯಾರಿಗಿದೆ? ಚಿಕ್ಕಪ್ಪನ ತೋಟದ ಕಾಲುವೆಯನ್ನೂ ತೋಡಿದವರು ಅವರೇ.

ಚಿಕ್ಕಪ್ಪ ಹೊರಗೆ ಬಂದರು. ಅಜ್ಜ ಪೈಪಿನೊಳಗಿನ ನೀರನ್ನು ತೋರಿಸಿ, “ಗೌಡ್ರೆ, ನಿಮ್ಮ ಗಿಡದ ಬುಡ ನೋಡ್ಕಳ್ರಿ” ಎಂದರು. ಮುಚ್ಚಿದ ಕಾಲುವೆಯ ಮೇಲೆ ನೆಟ್ಟಿದ್ದ ಸಸಿಗಳ ಬುಡದಲ್ಲಿ ಕಾಲಿಟ್ಟರೆ ನೀರು ಜಿನುಗುತ್ತಿತ್ತು. ನಮ್ಮ ನೀರು ಮೇಲೆ ಹರಿಯದಿದ್ದರೂ ನೆಲದೊಳಗೆ ಅವರ ಕಡೆಗೇ ಹೋಗುತ್ತಿತ್ತು. ಸಸಿಗಳು ಆಗಲೇ ಹಳದಿ ತಿರುಗಿದ್ದವು. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಗಾಡಿ ದಾರಿ ಹಾಳಾಗಬಾರ್ದು. ಅಲ್ಲಿ ಹ್ಯೂಮ್ ಪೈಪು ಹಾಕಿಸಿಕೊಡ್ಲಿ” ಎಂದರು. ನಮ್ಮನ್ನು ನೋಡಿ ಹೇಳಲಿಲ್ಲ, ಅಜ್ಜನನ್ನು ನೋಡಿ ಹೇಳಿದರು.

ಆ ರಾತ್ರಿ ಆರು ಜನ, ಜೆಸಿಬಿ ಹುಡುಗನೂ ಸೇರಿ, ಬ್ಯಾಟರಿ ದೀಪದ ಬೆಳಕಿನಲ್ಲಿ ಹಳ್ಳದ ಕಡೆಯಿಂದ ಗುದ್ದಲಿ ಹಿಡಿದು ಮೇಲಕ್ಕೆ ತೋಡಿಕೊಂಡು ಬಂದರು. ನಾನು ಬುಟ್ಟಿ ಹೊತ್ತೆ. ಒಂದು ಗಂಟೆಯ ಸುಮಾರಿಗೆ ಹನಿ ಶುರುವಾಯಿತು. ಕೊನೆಯ ಅಡಿಯ ಮಣ್ಣನ್ನು ಯಾರೂ ತೆಗೆಯಬೇಕಾಗಲಿಲ್ಲ. ನೀರೇ ಒಡೆದುಕೊಂಡು ಬಂತು. ಕೊಡೆ ಹಿಡಿದು ಕುಳಿತಿದ್ದ ಅಜ್ಜ ದೀಪ ಬಿಟ್ಟು ನೋಡಿ, “ಓಡ್ತೈತಿ. ನಾಳೆ ನಡೀತೈತಿ ಬಿಡ್ರಿ” ಎಂದರು.

ಹನ್ನೊಂದು ಮರ ಹೋದವು. ಉಳಿದವು ಎರಡು ವರ್ಷ ಹಿಡಿದು ಚೇತರಿಸಿಕೊಂಡವು. ಹುಡುಗ ಈಗ ಸಾಲ ಮಾಡಿ ಹಳೆಯದೊಂದು ಯಂತ್ರ ಕೊಂಡಿದ್ದಾನೆ; ಅದರ ಬಾಗಿಲಿನೊಳಗೆ ಗ್ರೀಸ್ ಹಾಕಿದ ತಾರೀಕುಗಳನ್ನು ಸೀಮೆಸುಣ್ಣದಲ್ಲಿ ಬರೆದಿರುವುದನ್ನು ಕಂಡೆ. ಅಜ್ಜ ತೀರಿಕೊಂಡರು. ಅವರ ಗುದ್ದಲಿ ನಮ್ಮ ಮನೆಯಲ್ಲಿದೆ, ಜಾಲಿಯ ಕಾವು ಹಾಕಿಸಿದ್ದೇವೆ.

ಚಿಕ್ಕಪ್ಪ ಈಗಲೂ ಅಣ್ಣನೊಡನೆ ಹೆಚ್ಚು ಮಾತಾಡುವುದಿಲ್ಲ. ಮೊನ್ನೆ ರೋಹಿಣಿ ಮಳೆಗೆ ಮುಂಚೆ ದಾವಣಗೆರೆಗೆ ನನಗೇ ಫೋನು ಮಾಡಿದರು. ಹ್ಯೂಮ್ ಪೈಪಿನ ಬಾಯಿಗೆ ಅಡಿಕೆ ಹಾಳೆ ಸಿಕ್ಕಿಕೊಂಡಿದೆಯಂತೆ, ಅರ್ಧ ಹೂಳು ತುಂಬಿದೆಯಂತೆ. “ಭಾನುವಾರ ಬಾರೋ ತಮ್ಮ. ಬರುವಾಗ ಆ ಗುದ್ದಲಿ ತಗಂಡು ಬಾ, ನಮ್ಮನೇದರ ಕಾವು ಮುರಿದೈತಿ” ಎಂದರು.