ಕುಳ್ಳ ಮ್ಯೂಲರನ ಗೋಲುಗಳು

ಫುಟ್‌ಬಾಲಿನಲ್ಲಿ ಗೋಲು ಹೊಡೆಯುವವನೆಂದರೆ ಎತ್ತರದ ಆಳು, ಓಡಿದರೆ ಕೂದಲು ಹಾರಬೇಕು ಎಂಬ ನಂಬಿಕೆ ನಮಗೆ ಎಲ್ಲಿಂದ ಅಂಟಿಕೊಂಡಿತೋ! ಪಶ್ಚಿಮ ಜರ್ಮನಿಯ ಗೆರ್ಡ್ ಮ್ಯೂಲರ್ ಕುಳ್ಳ, ತೊಡೆಗಳೋ ಭಾರಿ. 1964ರಲ್ಲಿ ಬಯರ್ನ್ ಮ್ಯೂನಿಕ್ ಕ್ಲಬ್ಬಿಗೆ ಬಂದಾಗ ಕೋಚ್ ಚಾಯ್ಕೊವ್‌ಸ್ಕಿ ಅವನನ್ನು ‘ಕುಳ್ಳ ದಡಿಯ ಮ್ಯೂಲರ್’ ಎಂದೇ ಕರೆದ. ಹಾಗೆಂದ ಮಹಾಶಯನೂ ಕುಳ್ಳನೇ, ಇರಲಿ.

ಹುಟ್ಟಿದ್ದು 1945ರಲ್ಲಿ, ನೋರ್ಡ್ಲಿಂಗನ್‌ನಲ್ಲಿ. ಆ ಊರಿನದೇ ಒಂದು ಕಥೆ: ಸುಮಾರು ಒಂದೂವರೆ ಕೋಟಿ ವರ್ಷಗಳ ಹಿಂದೆ ಆಕಾಶದಿಂದ ಬಂಡೆ ಅಪ್ಪಳಿಸಿ ಆದ ಕುಳಿಯೊಳಗೆ ಊರು ಕೂತಿದೆ, ಸುತ್ತ ದುಂಡನೆಯ ಕೋಟೆ. ಅಲ್ಲಿ ಹುಡುಗ ಕಲಿತ ಕಸುಬು ನೇಯ್ಗೆ. ಮಗ್ಗ ಬಿಟ್ಟು ಮೈದಾನಕ್ಕೆ ಬಂದ. ದೇಶಕ್ಕಾಗಿ ಆಡಿದ 62 ಪಂದ್ಯಗಳಲ್ಲಿ 68 ಗೋಲು ಹೊಡೆದ!

ಅವುಗಳಲ್ಲಿ ನೋಡಲು ಚಂದದವು ಎಷ್ಟೋ, ನಾನಂತೂ ಜಾಸ್ತಿ ಎನ್ನಲಾರೆ. ಚೆಂಡು ಯಾರದೋ ಕಾಲಿಗೆ ತಾಗಿ, ಗೋಲಿಯ ಕೈಜಾರಿ ಎಲ್ಲಿ ಬೀಳುತ್ತದೋ ಅಲ್ಲಿ ಇವನು ಹಾಜರ್. ಮದುವೆಮನೆಯಲ್ಲಿ ಮುಂದಿನ ಪಂಕ್ತಿಯ ಎಲೆ ಎಲ್ಲಿ ಬೀಳುತ್ತದೆಂದು ಮೊದಲೇ ಬಲ್ಲ ದೊಡ್ಡಪ್ಪಂದಿರು ಇರುತ್ತಾರಲ್ಲ, ಹಾಗೆ. 1974ರ ಜುಲೈ 7, ಮ್ಯೂನಿಕ್, ವಿಶ್ವಕಪ್ ಫೈನಲ್. ಹಾಲೆಂಡ್ ಎದುರು 1–1. ಬಲಗಡೆಯಿಂದ ಜೊತೆಗಾರ ಬೋನ್‌ಹಾಫ್ ಚೆಂಡು ತಳ್ಳಿದ. ಮ್ಯೂಲರನ ಕಾಲಿಗೆ ಬಿದ್ದ ಚೆಂಡು ನಿಲ್ಲದೆ ಹಿಂದಕ್ಕೆ ಪುಟಿಯಿತು. ಬೇರೆಯವನಾಗಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದ. ಇವನು ಎರಡು ಹೆಜ್ಜೆ ಹಿಂದೆ ಸರಿದು, ಗಿರಕ್ಕನೆ ತಿರುಗಿ ನೆಲಮಟ್ಟದಲ್ಲಿ ಒದ್ದ. ಅಂಥ ಜೋರೇನೂ ಇಲ್ಲ. ಗೋಲಿ ಯೊಂಗ್‌ಬ್ಲೂಡ್ ನಿಂತಲ್ಲೇ ನೋಡಿದ. ವಿಶ್ವಕಪ್ ಜರ್ಮನಿಯ ಪಾಲಾಯಿತು.

ಆ ರಾತ್ರಿಯ ಔತಣಕ್ಕೆ ಆಟಗಾರರ ಹೆಂಡಂದಿರನ್ನು ಒಳಗೆ ಬಿಡಲಿಲ್ಲ. ಕಪ್ ಗೆದ್ದವನ ಮನೆಯವಳಿಗೆ ಊಟವಿಲ್ಲವೆಂದರೆ ಯಾರಿಗೆ ತಾನೇ ರೇಗದು? ರಾಷ್ಟ್ರೀಯ ತಂಡಕ್ಕೆ ಮ್ಯೂಲರ್ ಅಲ್ಲಿಗೇ ಕೈಮುಗಿದ, ವಯಸ್ಸು 28. ಬಿಡುವ ಮನಸ್ಸು ಮೊದಲೇ ಮಾಡಿದ್ದನಂತೆ, ಊಟದ ಮೇಲೇ ಎಲ್ಲ ಹೊರಿಸುವುದು ಬೇಡ. ದೇಶಕ್ಕಾಗಿ ಹೊಡೆದ ಗೋಲುಗಳಲ್ಲಿ ಅವನ ದಾಖಲೆ ಮುರಿಯಲು ಜರ್ಮನಿಯ ಆಟಗಾರ ಕ್ಲೋಸಾ 2014ರವರೆಗೆ ಕಾಯಬೇಕಾಯಿತು: 71 ಗೋಲು, ಆದರೆ ಪಂದ್ಯ 137.

ರಾಷ್ಟ್ರೀಯ ತಂಡ ಬಿಟ್ಟ ಮ್ಯೂಲರನಿಗೆ ಆಮೇಲೆ ಅಮೆರಿಕ, ಕುಡಿತ, ಕಷ್ಟದ ದಿನಗಳು. ಹಳೆಯ ಸಂಗಡಿಗರು ಕೈಹಿಡಿದೆತ್ತಿ ಬಯರ್ನ್‌ನಲ್ಲೇ ಎರಡನೇ ತಂಡದ ಹುಡುಗರಿಗೆ ಕಲಿಸುವ ಕೆಲಸ ಕೊಡಿಸಿದರು. ಆ ಹುಡುಗರಲ್ಲಿ ಥಾಮಸ್ ಮ್ಯೂಲರ್ ಎಂಬವನಿದ್ದ. ನೆಂಟನಲ್ಲ, ಹೆಸರಷ್ಟೇ ಒಂದು. ಗೆರ್ಡ್ ತೊಡುತ್ತಿದ್ದ 13ನೇ ನಂಬರೇ 2010ರ ವಿಶ್ವಕಪ್‌ನಲ್ಲಿ ಇವನಿಗೂ ಸಿಕ್ಕಿತು. ಹೊಡೆದದ್ದು 5 ಗೋಲು. ಇವನ ಆಟಕ್ಕೂ ಚಂದವೆಂದು ಯಾರೂ ಬಹುಮಾನ ಕೊಡಲಾರರು.