ಕಿಂದರಿಜೋಗಿಯೂ ನಮ್ಮ ಹನ್ನೊಂದು ಮಕ್ಕಳೂ

ಪಾಠ ಹೇಳುವವರಿಗೆ ಒಂದು ರೋಗವಿದೆ. ತಾವು ಹೇಳಿದ್ದನ್ನೆಲ್ಲ ಮಕ್ಕಳು ಕಲಿತರೆಂದು ನಂಬಿಬಿಡುವುದು. ಮೂವತ್ತು ವರ್ಷ ಶಾಲೆಯಲ್ಲಿ ದುಡಿದು ನಿವೃತ್ತಳಾದ ನನಗೂ ಅದು ಚೆನ್ನಾಗಿಯೇ ಅಂಟಿತ್ತು.

ಡೊಂಬಿವಲಿಯ ನಮ್ಮ ಕಟ್ಟಡದ ಆಫೀಸು ಕೋಣೆಯಲ್ಲಿ ಆದಿತ್ಯವಾರದ ಕನ್ನಡ ವರ್ಗ ಆರಂಭಿಸಿದಾಗ 17 ಮಕ್ಕಳಿದ್ದರು. ನಾನು ಪದ್ಯ ಓದಿ ಅರ್ಥ ಹೇಳುವುದು, ಅವರು ಬಾಯಿಪಾಠ ಮಾಡುವುದು. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷು, ಆಟದಲ್ಲಿ ಹಿಂದಿ ಆಡುವ ಮಕ್ಕಳು ಕಲಬೆರಕೆ ಮಾತಾಡಿದರೆ ತಟ್ಟನೆ ತಿದ್ದುತ್ತಿದ್ದೆ. ದೀಪಾವಳಿ ಕಳೆಯುವಷ್ಟರಲ್ಲಿ 11 ಮಂದಿ ಉಳಿದರು. ಇನ್ನೊಬ್ಬನೂ ಬಿಡುವ ಸನ್ನಾಹದಲ್ಲಿದ್ದಾನೆಂದು ಅವನ ತಾಯಿ ಮೆಟ್ಟಿಲ ಬಳಿ ಅಳುಕುತ್ತ ತಿಳಿಸಿದರು: “ಬಾಯಿ ತೆರೆದರೆ ತಪ್ಪಾಗುತ್ತದಂತೆ, ಟೀಚರ್.”

ಆ ರಾತ್ರಿ ನಿದ್ದೆ ಬರಲಿಲ್ಲ. ಅಮೆರಿಕದ ಹಾರ್ವಿ ಡೇನಿಯಲ್ಸ್ ಎಂಬವರು 1994ರಲ್ಲಿ ಒಂದು ಪುಸ್ತಕ ಬರೆದು ಪ್ರಚಾರಕ್ಕೆ ತಂದ ‘ಸಾಹಿತ್ಯ ಬಳಗ’ದ ಕ್ರಮ ನೆನಪಾಯಿತು. ನಾಲ್ಕೈದು ಮಕ್ಕಳು ಒಂದೇ ಕಥೆಯನ್ನು ಓದಿ ಕೂಡಿ ಕುಳಿತು ಮಾತಾಡಬೇಕು. ಒಬ್ಬನು ಪ್ರಶ್ನೆ ಕೇಳುವವನು, ಒಬ್ಬಳು ಕಠಿಣ ಪದ ಹುಡುಕುವವಳು, ಒಬ್ಬನು ಚಿತ್ರ ಬರೆಯುವವನು, ಇನ್ನೊಬ್ಬಳು ಕಥೆಯನ್ನು ತಮ್ಮ ಬಾಳಿಗೆ ಹೊಂದಿಸಿ ನೋಡುವವಳು. ಉಪಾಧ್ಯಾಯರಿಗೆ ಬದಿಯ ಕುರ್ಚಿ. ಒಂದೇ ಪ್ರಸಂಗ ಹಿಡಿದು ಅರ್ಥಧಾರಿಗಳು ಬೆಳಗಿನವರೆಗೆ ವಾದಿಸುವ ತಾಳಮದ್ದಳೆಯನ್ನು ಕೇಳಿ ಬೆಳೆದ ನಮಗೆ ಇದು ತೀರ ಹೊಸತೂ ಅಲ್ಲ.

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಆರಿಸಿದೆ. ಅದಕ್ಕೆ ಮೂಲವಾದ, 1842ರಲ್ಲಿ ಅಚ್ಚಾದ ಇಂಗ್ಲಿಷ್ ಕವನವನ್ನು ರಾಬರ್ಟ್ ಬ್ರೌನಿಂಗ್ ಬರೆದುದು ಹಾಸಿಗೆ ಹಿಡಿದಿದ್ದ ಒಬ್ಬ ಹುಡುಗನಿಗಾಗಿ, ಓದಿ ಚಿತ್ರ ಬರೆಯಲೆಂದು. ಹಾಗಿರುವಾಗ ಬಾಯಿಪಾಠಕ್ಕಷ್ಟೇ ಅದನ್ನು ಬಳಸುತ್ತಿದ್ದ ನನ್ನ ಜಾಣತನಕ್ಕೆ ಏನೆನ್ನಲಿ!

ಮೊದಲ ವಾರ ಬರೀ ಗದ್ದಲ. ಎರಡನೆಯ ವಾರ ಒಬ್ಬ ಹುಡುಗಿ ಒಂದು ಸುದ್ದಿ ತಂದಳು. ಮುಂಬಯಿಯಲ್ಲಿ ಮಹಾನಗರಪಾಲಿಕೆಗಾಗಿ ರಾತ್ರಿ ಇಲಿ ಕೊಲ್ಲುವವರಿದ್ದಾರೆ, ರಾತ್ರಿಗೆ 30 ಇಲಿಯ ಲೆಕ್ಕ ಒಪ್ಪಿಸಬೇಕಂತೆ. 1896ರಲ್ಲಿ ಈ ಊರಿಗೆ ಪ್ಲೇಗು ಬಂದ ಕಥೆಯನ್ನು ನಾನೂ ಸೇರಿಸಿದೆ. “ಹಾಗಾದರೆ ಜೋಗಿಗೂ ಸಂಬಳ ಕೊಡಬೇಕಿತ್ತು!” ಎಂದಳೊಬ್ಬಳು. “ಮಾತು ತಪ್ಪಿದ್ದು ಗೌಡ. ಮಕ್ಕಳಿಗೇಕೆ ಶಿಕ್ಷೆ?” ಎಂದ ಇನ್ನೊಬ್ಬ. ಅರ್ಧ ಗಂಟೆ ವಾದ ನಡೆಯಿತು, ಅದೂ ಕನ್ನಡದಲ್ಲಿ. ನಾನು ಬಾಯಿ ಬಿಗಿಹಿಡಿದು ಕುಳಿತಿದ್ದೆ. ಅದು ಎಷ್ಟು ಕಷ್ಟವೆಂದು ಉಪಾಧ್ಯಾಯರಾದವರೇ ಬಲ್ಲರು.

ವರ್ಗ ಬಿಡುವ ಯೋಚನೆಯಲ್ಲಿದ್ದ ಹುಡುಗನಿಗೆ ಚಿತ್ರದ ಕೆಲಸ ಕೊಟ್ಟಿದ್ದೆ. ಎಲ್ಲ ಮಕ್ಕಳೂ ಜೋಗಿಯ ಹಿಂದೆ ಹೋದ ಮೇಲೆ ಒಬ್ಬನೇ ಹಿಂದುಳಿದ ಕುಂಟ ಹುಡುಗನನ್ನು ಅವನು ಬರೆದಿದ್ದ. ಆದರೆ ಬೆಟ್ಟವಿರಲಿಲ್ಲ. ರೈಲು ನಿಲ್ದಾಣ, ಹೊರಟುಹೋಗುತ್ತಿರುವ ಲೋಕಲ್ ಗಾಡಿ, ಪ್ಲಾಟ್‌ಫಾರ್ಮಿನಲ್ಲಿ ಪುಟ್ಟ ಹುಡುಗ. ಇದೇನೆಂದು ಗೆಳೆಯರು ಕೇಳಿದರು. ಅವನು ನನ್ನ ಕಡೆ ಒಮ್ಮೆ ಹೆದರಿಕೆಯಿಂದ ನೋಡಿ ಹೇಳಿದ:

“ಅವನಿಗೆ ಯಾರೂ ರುಕ್ಕಲಿಲ್ಲ.”

‘ರುಕ್ಕಲಿಲ್ಲ ಅಲ್ಲ, ಕಾಯಲಿಲ್ಲ’ ಎಂಬ ತಿದ್ದುಪಡಿ ನನ್ನ ನಾಲಗೆಯ ತುದಿಯವರೆಗೆ ಬಂದಿತ್ತು. ನುಂಗಿಕೊಂಡೆ. ಚುರುಕಾದ ಐದಾರು ಮಕ್ಕಳನ್ನು ಕಟ್ಟಿಕೊಂಡು ಮುಂದೆ ಮುಂದೆ ಓಡಿದವಳು ನಾನೇ ಅಲ್ಲವೇ?

ಮರುವಾರ ಅವನು ತಾನಾಗಿಯೇ ಬಂದು, “ಟೀಚರ್, ಚಿತ್ರದ ಕೆಳಗೆ ಬರೆಯಬೇಕು. ರುಕ್ಕುವುದಕ್ಕೆ ಕನ್ನಡದಲ್ಲಿ ಏನು?” ಎಂದ. ಹೇಳಿದೆ. ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಬರೆದ. ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ಅದನ್ನು ಪಕ್ಕದ ಹುಡುಗಿಯೇ ತೋರಿಸಿಕೊಟ್ಟಳು.

ಆ ಚಿತ್ರ ಈಗ ಆಫೀಸು ಕೋಣೆಯ ಗೋಡೆಯ ಮೇಲಿದೆ. ಬಿಟ್ಟುಹೋದ ಆರು ಮಂದಿಯಲ್ಲಿ ಇಬ್ಬರು ಮರಳಿ ಬಂದಿದ್ದಾರೆ. ಉಳಿದ ನಾಲ್ವರ ಮನೆಗೆ ಬರುವ ವಾರ ನಾನೇ ಹೋಗಿ ಬರಬೇಕೆಂದಿದ್ದೇನೆ.