ಕವಲಿಲ್ಲದ ದಾರಿ
ಫ್ರಾನ್ಸಿನ ಶಾರ್ತ್ರ್ ಕೆಥೆಡ್ರಲ್‌ನ ನೆಲದಲ್ಲಿ 13ನೇ ಶತಮಾನದ ಕಲ್ಲಿನ ಲ್ಯಾಬಿರಿಂತ್, ಅಂದರೆ ಸುತ್ತುದಾರಿ, ಇದೆ. ಅಡ್ಡಳತೆ ಸುಮಾರು 13 ಮೀಟರ್. ಆದರೆ ಸುತ್ತಿ ಸುತ್ತಿ ನಡುವಿಗೆ ಹೋಗುವ ದಾರಿ ಸುಮಾರು 260 ಮೀಟರ್. ದಾರಿ ತಪ್ಪಿಸುವ ಆಟವಲ್ಲ ಇದು. ಇಲ್ಲಿ ಕವಲೇ ಇಲ್ಲ. ಎಡವೋ ಬಲವೋ ಎಂದು ಯೋಚಿಸಬೇಕಿಲ್ಲ. ನಡು ಇನ್ನೇನು ಬಂತು ಅನ್ನುವಷ್ಟರಲ್ಲಿ ದಾರಿ ಹೊರಳಿ ಮತ್ತೆ ಅಂಚಿಗೆ ಒಯ್ಯುತ್ತದೆ. ಅಷ್ಟು ದೂರ ಪಾರ್ಕಿನಲ್ಲೇ ನಡೆದರೆ ಸಾಲದೇ ಎಂದು ಕೇಳಬಹುದು. ಕಾಲಿಗೆ ಸಾಕು, ನಿಜ. ಆದರೆ ನೇರ ದಾರಿಯಲ್ಲಿ ಕಾಲು ತನ್ನಷ್ಟಕ್ಕೆ ನಡೆಯುತ್ತದೆ, ಮನಸ್ಸು ಎಲ್ಲೋ ಅಲೆಯುತ್ತದೆ. ಈ ಕಿರಿದಾದ ತಿರುವುಗಳಲ್ಲಿ ಹೆಜ್ಜೆ ನೋಡಿಯೇ ಇಡಬೇಕು, ಹಾಗಾಗಿ ಮನಸ್ಸೂ ಜೊತೆಗಿರುತ್ತದೆ. ಹೀಗೆ ನಡೆಯುವುದೇ ರೋಗಕ್ಕೆ ಮದ್ದು ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಆದರೆ ದಿನವಿಡೀ ತೀರ್ಮಾನ ಮಾಡಿ ದಣಿದ ತಲೆಗೆ ಬಿಡುವು ಸಿಕ್ಕರೆ ಅದೇ ದೊಡ್ಡದು. ಇಂಥ ದಾರಿಯನ್ನು ಅಂಗಳದಲ್ಲಿ ಸುಣ್ಣದ ಗೆರೆಯಿಂದ ಎಳೆದುಕೊಂಡರೂ ಆಗುತ್ತದೆ. ಒಮ್ಮೆ ನಡೆದು ನೋಡಿ.